ಕಾರ್ಮೆಲಾಳ ಪಂಕ್ತಿಭೇದ

ಮೊನ್ನೆ ಮನೆಗೆ ಬಂದಿದ್ದ ಸೊಸೆ ವೀಣಾ, ಯಾರ ಅಪ್ಪಣೆಯೂ ಇಲ್ಲದೆ ಅಡುಗೆಮನೆಯ ಕಪಾಟನ್ನು ಸ್ವಚ್ಛ ಮಾಡಲು ಹೊರಟಳು. ಸ್ವಚ್ಛ ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ನನ್ನ ಕಪಾಟಿನಲ್ಲಿ ಬೇಳೆಗಳದ್ದು ಒಂದು ಸಾಲು, ಹಿಟ್ಟುಗಳದ್ದು ಒಂದು ಸಾಲು, ಪುಡಿಗಳದ್ದು ಒಂದು ಸಾಲು. ಕಣ್ಣು ಕಟ್ಟಿ ಬಿಟ್ಟರೂ ಕೈ ಸರಿಯಾದ ಡಬ್ಬಿಗೇ ಹೋಗಬೇಕು, ಹಾಗೆ ಇಟ್ಟಿದ್ದೇನೆ. ಆದರೂ ಅವಳು ಪುಡಿಗಳ ಸಾಲಿನಿಂದ ಒಂದು ಗಾಜಿನ ಜಾಡಿಯನ್ನು ಹೊರಗೆಳೆದು, ಮುಚ್ಚಳ ತಿರುಗಿಸಿ, ಮೂಸಿ, ಮೂಗು ಸೊಟ್ಟಗೆ ಮಾಡಿದಳು.

"ಮಾವ, ಇದೇನು ಹುರಿದ ರವೆನಾ? ಕಂದು ಬಣ್ಣ ಬಂದ್ಬಿಟ್ಟಿದೆ. ಬೆಳ್ಳುಳ್ಳಿ ವಾಸ್ನೆ ಬೇರೆ. ಥ್ರೋ ಮಾಡ್ಬಿಡ್ಲಾ?"

ಥ್ರೋ ಮಾಡುವುದಂತೆ! ಕುರ್ಚಿಯಿಂದ ಥಟ್ಟನೆ ಏಳಬಾರದೆಂದು ಡಾಕ್ಟರು ನನಗೆ ಹೇಳಿದ್ದಾರೆ. ಎದ್ದೆ. "ಎಲ್ಲಿತ್ತೋ ಅಲ್ಲೇ ಇಡು. ಮೆಂತ್ಯದಹಿಟ್ಟಿನ ಬಲಗಡೆ" ಎಂದೆ. ದನಿ ಸ್ವಲ್ಪ ಏರಿರಬೇಕು, ಏಕೆಂದರೆ ಒಳಕೋಣೆಯಿಂದ ನನ್ನ ಹೆಂಡತಿ ಜಯಾ ಕೂಗಿದಳು:

"ವೀಣಾ, ಅದು ಬ್ರೆಡ್ ಪುಡಿ ಕಣೇ. ಅದರ ಸುದ್ದಿಗೆ ಹೋಗ್ಬೇಡ. ಹೋದ್ರೆ ಹಾಸ್ಟೆಲ್ಲಿಂದ ಶುರುಮಾಡ್ತಾರೆ."

ಶುರುಮಾಡುತ್ತೇನೆ. ಹಾಸ್ಟೆಲ್ಲಿಂದಲೇ ಶುರುಮಾಡಬೇಕು. ಬೇರೆ ಎಲ್ಲಿಂದ ಶುರುಮಾಡಿದರೂ ನನಗಾದ ಅನ್ಯಾಯ ನಿಮಗೆ ಅರ್ಥವಾಗುವುದಿಲ್ಲ.

ನಾನು ಓದಿದ್ದು ಮೈಸೂರಿನಲ್ಲಿ, ಬಡ ಹುಡುಗರಿಗೆಂದು ದಾನಿಗಳು ನಡೆಸುತ್ತಿದ್ದ ಒಂದು ಉಚಿತ ಹಾಸ್ಟೆಲ್ಲಿನಲ್ಲಿ. ಎಲ್ಲಕ್ಕೂ ಗಂಟೆ. ಏಳುವುದಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ಓದುವುದಕ್ಕೆ ಗಂಟೆ, ಓದುವುದನ್ನು ನಿಲ್ಲಿಸುವುದಕ್ಕೂ ಗಂಟೆ. ಊಟದ ಹಾಲಿನಲ್ಲಿ ಕಡಪಾ ಕಲ್ಲಿನ ನೆಲ, ಚಳಿಗಾಲದಲ್ಲಿ ಕೂತರೆ ಬೆನ್ನುಹುರಿಯವರೆಗೂ ತಣ್ಣಗಾಗುತ್ತಿತ್ತು. ಎಲ್ಲರಿಗೂ ಬಡಿಸಿ ಮುಗಿಯುವ ತನಕ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಪಂಕ್ತಿಯಲ್ಲಿ ಕೂತು 'ಇನ್ನೊಂದು ಚೂರು' ಎಂದು ಕೇಳುವಂತಿಲ್ಲ, ಕೇಳಿದವನು ಆ ದಿನ ಎಲ್ಲರ ತಟ್ಟೆ ತೊಳೆಯಬೇಕು. ನಮ್ಮ ವಾರ್ಡನ್ ಮೇಷ್ಟ್ರು ಬಡಿಸುವ ಹುಡುಗರಿಗೆ ಒಂದೇ ಪಾಠ ಹೇಳುತ್ತಿದ್ದರು: "ತಟ್ಟೆ ನೋಡಿ ಬಡಿಸ್ರೋ, ಮುಖ ನೋಡಿ ಬಡಿಸಬೇಡಿ."

ಒಮ್ಮೆ ದಾನಿಗಳೊಬ್ಬರ ಮಗ ನಮ್ಮೊಂದಿಗೆ ಊಟಕ್ಕೆ ಕೂತ. ಅಡುಗೆಯವರು ಅವನ ಅನ್ನದ ಮೇಲೆ ಎರಡು ಚಮಚ ತುಪ್ಪ ಬಿಟ್ಟರು. ನಮಗೆಲ್ಲ ಒಂದು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಪಂಕ್ತಿಯನ್ನೇ ನಿಲ್ಲಿಸಿದರು. ತುಪ್ಪದ ಪಾತ್ರೆ ಮತ್ತೆ ಮೊದಲನೇ ಹುಡುಗನಿಂದ ಹೊರಟು ಕೊನೆಯ ಹುಡುಗನವರೆಗೂ ಬಂತು. ಎಲ್ಲರಿಗೂ ಎರಡನೇ ಚಮಚ! ಪಾತ್ರೆ ಖಾಲಿಯಾಯಿತು. ಆ ವಾರವೆಲ್ಲ ಒಣ ಅನ್ನ ತಿಂದೆವು, ಒಬ್ಬನೂ ಗೊಣಗಲಿಲ್ಲ. ನಾನಂತೂ ಆ ವಾರ ಎದೆ ಸೆಟೆಸಿಕೊಂಡು ಓಡಾಡಿದೆ.

ಅಂಥ ಪಂಕ್ತಿಯಲ್ಲಿ ಬೆಳೆದವನು ಮುಂದೆ ಇಂಜಿನಿಯರಾಗಿ, ಅಮೆರಿಕಕ್ಕೆ ಬಂದು, ಡೆಟ್ರಾಯ್ಟಿನ ಕಾರುಗಳಿಗೆ ಬೋಲ್ಟು ಮಾಡುವ ಷಿಕಾಗೋದ ಕಾರ್ಖಾನೆಯಲ್ಲಿ ಗುಣಪರೀಕ್ಷಕನಾದದ್ದು ಸಹಜವೇ. ಒಂದು ಬೋಲ್ಟಿನಂತೆ ಇನ್ನೊಂದು ಇರಬೇಕು, ಅದೇ ನನ್ನ ಕೆಲಸ. ಹೀಗಾಗಿ ಇಲ್ಲಿನ ನಮ್ಮವರ ಊಟ ನೋಡಿದರೆ ನನಗೆ ಮೈ ಉರಿಯುತ್ತದೆ. ಕನ್ನಡ ಸಂಘದ ಯುಗಾದಿ ಹಬ್ಬಕ್ಕೆ ಹೋಗಿ ನೋಡಿ. ಹೈಸ್ಕೂಲಿನ ಕೆಫೆಟೀರಿಯಾದಲ್ಲಿ ಉದ್ದನೆಯ ಕ್ಯೂ. ಒಂದೇ ಕಾಗದದ ತಟ್ಟೆಯಲ್ಲಿ ಬಿಸಿಬೇಳೆಬಾತಿನ ಮೇಲೆ ಹೋಳಿಗೆ, ಹೋಳಿಗೆಯ ಮೇಲೆ ಪಲ್ಯ, ಅದರ ಮೇಲೆ ಮೊಸರನ್ನ ಜಾರುತ್ತಿರುತ್ತದೆ. ಎಲೆಯ ತುದಿಗೆ ಉಪ್ಪು, ಪಕ್ಕಕ್ಕೆ ಕೋಸಂಬರಿ ಎಂದು ಮೂರು ದಿನದ ಮದುವೆಗಳಲ್ಲಿ ಕಲಿತದ್ದನ್ನೆಲ್ಲ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬಂದಿದ್ದಾರೆ! ಇನ್ನು ಹುಟ್ಟುಹಬ್ಬ ಬಂದರೆ ಇಟಾಲಿಯನ್ ಹೋಟೆಲ್ಲಿಗೆ ದಾಳಿ, ಅಲ್ಲಿ ವೆಜಿಟೇರಿಯನ್ ಸಿಗುತ್ತದೆ ಎಂದು. ಬಂದ ಪಾಸ್ತಾವನ್ನು ನಾಲಿಗೆಗೆ ಮುಟ್ಟಿಸಿಯೂ ನೋಡದೆ, ಹೆಂಗಸರು ಕೈಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆಯುತ್ತಾರೆ. "ಸಪ್ಪೆ ಇರತ್ತೆ ಅಂಕಲ್, ಹಾಕ್ಕೊಳ್ಳಿ." ಇನ್ನೊಬ್ಬರು ಮಾಡಿದ ಅಡುಗೆಗೆ ಅದರ ಕಣ್ಣೆದುರೇ ಅವಮಾನ.

ಇಷ್ಟು ಹೇಳಿದ್ದು ಕಾರ್ಮೆಲಾಳ ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗಲು.

ನಿವೃತ್ತನಾದ ಮೇಲೆ ನಾವು ಷಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ರೈಲ್ವೆ ಸ್ಟೇಷನ್ನಿಗೆ ನಡೆದುಹೋಗುವಷ್ಟು ಹತ್ತಿರ ಒಂದು ಸಣ್ಣ ಮನೆ ಕೊಂಡೆವು. ಎದುರುಮನೆಯಲ್ಲಿ ಕಾರ್ಮೆಲಾ. ಸಿಸಿಲಿ ದ್ವೀಪದಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗ ಷಿಕಾಗೋಕ್ಕೆ ಬಂದವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನನಗಿಂತ ಹಿರಿಯಳು, ನನಗಿಂತ ಗಿಡ್ಡ, ನನಗಿಂತ ಗಟ್ಟಿ ದನಿ. ಆಕೆಯ ಇಂಗ್ಲಿಷಿನಲ್ಲಿ ಅರ್ಧ ಮಾತನ್ನು ಕೈಗಳೇ ಆಡುತ್ತಿದ್ದುದರಿಂದ, ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ನಾವು ಬಂದ ವಾರ, ಜಯಾ ಮನೆಮುಂದಿನ ಪಾತಿಯಲ್ಲಿ ಮೆಂತ್ಯ ಬಿತ್ತುತ್ತಿದ್ದಾಗ ಆಕೆ ಬೇಲಿಯ ಆಚೆ ನಿಂತು ನೋಡಿದಳು. ನೋಡಿ, "ಭಾನುವಾರ, ಒಂದು ಗಂಟೆ, ನಮ್ಮ ಮನೆ" ಎಂದಳು. ಕರೆಯೋ ಆಜ್ಞೆಯೋ ತಿಳಿಯಲಿಲ್ಲ. ಜಯಾ, ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ ಎಂದು ವಿವರಿಸಿದಳು. ಆಕೆ ಒಂದೇ ಪ್ರಶ್ನೆ ಕೇಳಿದಳು.

"ಬೆಳ್ಳುಳ್ಳಿ?"

"ತಿಂತೀವಿ."

"ಹಾಗಾದರೆ ಬದುಕುತ್ತೀರಿ."

ಭಾನುವಾರ ಒಂದಕ್ಕೆ ಸರಿಯಾಗಿ ಬಾಗಿಲು ತಟ್ಟಿದೆವು. ಜಯಾ ತಂದಿದ್ದ ಚಿತ್ರಾನ್ನದ ಪಾತ್ರೆಯನ್ನು ಹಿಡಿದುಕೊಂಡು ಹೆಂಗಸರಿಬ್ಬರೂ ಅಡುಗೆಮನೆಗೆ ಹೋದರು. ನಾನು ಹಾಲಿನಲ್ಲಿ ಕೂತೆ. ಫಳಫಳ ಹೊಳೆಯುವ ಮನೆ, ಸೋಫಾದ ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಲೆಯ ಮೇಲೆ ಒಂದು ಕಲೆಯಿಲ್ಲ. ಅಡುಗೆಯ ಪರಿಮಳ ಮಾತ್ರ ನೆಲದೊಳಗಿಂದ ಬರುತ್ತಿತ್ತು! ಸ್ವಲ್ಪ ಹೊತ್ತಿಗೆ ಆಕೆ ಬಂದು, "ಕೆಳಗೆ ನಡಿ" ಎಂದಳು. ಬೇಸ್‌ಮೆಂಟಿಗೆ. ಫರ್ನೇಸು, ಬಟ್ಟೆ ಒಗೆಯುವ ಯಂತ್ರ, ಅದರ ಪಕ್ಕ ನಾವು ಊಟಕ್ಕೆ ಕೂರಬೇಕು. ನನ್ನ ಕಿವಿ ಬಿಸಿಯಾಯಿತು. ಹೊಸಬರು, ಕಂದು ಬಣ್ಣದವರು, ನೆಲಮಾಳಿಗೆಗೆ ಕಳಿಸುತ್ತಿದ್ದಾಳೆ ಎಂದುಕೊಂಡೆ.

ಇಳಿದು ನೋಡಿದರೆ ಅಲ್ಲೊಂದು ಇಡೀ ಅಡುಗೆಮನೆ. ಹಳೆಯ ದೊಡ್ಡ ಒಲೆ, ಕೊಳಗದಂಥ ಪಾತ್ರೆಗಳು, ಗೋಡೆಯುದ್ದಕ್ಕೂ ಟೊಮೇಟೊ ರಸ ತುಂಬಿದ ಜಾಡಿಗಳು, ಎಣ್ಣೆಬಟ್ಟೆ ಹಾಸಿದ ಉದ್ದನೆಯ ಮೇಜು. ಅದರ ಸುತ್ತ ಆಕೆಯ ಸ್ವಂತ ಜನವೇ ಕೂತಿದ್ದರು. ಮಿಷಿಗನ್ನಿನಿಂದ ಬಂದಿದ್ದ ಮಗಳು ಟೀನಾ, ಅಳಿಯ ಜೋಯಲ್, ಮೊಮ್ಮಗಳು ಲೂಸಿ. ಮೇಲಿನ ಅಡುಗೆಮನೆ ನೋಡುವವರಿಗಂತೆ, ಕೆಳಗಿನದು ಉಣ್ಣುವವರಿಗಂತೆ. ನಮ್ಮ ಅಜ್ಜಿಯರಿಗೆ ಮಡಿಯ ಒಲೆ ಬೇರೆ ಇದ್ದ ಹಾಗೆ, ಆ ಊರಿನ ಇಟಾಲಿಯನ್ ಅಜ್ಜಿಯರಿಗೆ ಬೇಸ್‌ಮೆಂಟಿನ ಒಲೆ. ನನ್ನ ಕಿವಿ ತಣ್ಣಗಾಯಿತು.

ಮತ್ತೆ ಆ ಊಟದ ಕ್ರಮ! ಎಲ್ಲವನ್ನೂ ಒಟ್ಟಿಗೆ ತಂದು ಸುರಿಯುವುದಿಲ್ಲ. ಮೊದಲು ಪಾಸ್ತಾ, ಅದೂ ಸ್ವಲ್ಪವೇ. ಆ ತಟ್ಟೆ ಹೋದ ಮೇಲೆ ಕಾಳಿನ ಪಲ್ಯ, ಅವರಿಗೆ ಮಾಂಸ. ಆಮೇಲೆ ಕಹಿಸೊಪ್ಪು, ಬೇಯಿಸಿ ನಿಂಬೆರಸ ಹಿಂಡಿದ್ದು. ಹಸಿ ತರಕಾರಿ ಕಟ್ಟಕಡೆಗೆ, ನಮ್ಮ ಮೊಸರನ್ನದ ಜಾಗದಲ್ಲಿ. ನಂತರ ಹಣ್ಣು, ಬಾದಾಮಿ. ಆಕೆ ಕೂರುವ ತನಕ ಒಬ್ಬರೂ ಫೋರ್ಕು ಮುಟ್ಟಲಿಲ್ಲ. ಲೂಸಿ ಮುಟ್ಟಲು ಹೋದಳು, ಬೆರಳ ಮೇಲೆ ಮರದ ಚಮಚದಿಂದ ಒಂದು ಬಿತ್ತು. ಹಾಸ್ಟೆಲ್ ಬಿಟ್ಟ ಮೇಲೆ ಮೊದಲ ಸಲ ನಾನೊಂದು ಪಂಕ್ತಿಯಲ್ಲಿ ಕೂತಿದ್ದೆ. ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿಬಿಟ್ಟೆ ಎಂದರೆ ನಗಬೇಡಿ.

ಹಾಕಿದ ಚಕ್ಕಳಮಕ್ಕಳ ಅರೆಕ್ಷಣದಲ್ಲಿ ಬಿಚ್ಚಿಕೊಂಡಿತು. ಪಾಸ್ತಾ ಬಡಿಸಿದ ಮೇಲೆ ಕಾರ್ಮೆಲಾ ಬಟ್ಟೆಯಲ್ಲಿ ಸುತ್ತಿದ್ದ ಚೀಸಿನ ಗಟ್ಟಿಯನ್ನೂ ಸಣ್ಣ ತುರಿಮಣೆಯನ್ನೂ ಹಿಡಿದು ಮೇಜನ್ನು ಸುತ್ತತೊಡಗಿದಳು. ಟೀನಾಳ ತಟ್ಟೆಗೆ ತುರಿದಳು. ಜೋಯಲ್‌ಗೆ, ಲೂಸಿಗೆ. ಹಿಮ ಬಿದ್ದ ಹಾಗೆ ಬೀಳುತ್ತಿತ್ತು, ಏನು ಪರಿಮಳ ಅಂತೀರಿ! ನನ್ನ ಬಳಿ ಬಂದಳು. ಬಂದು, ಚೀಸನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಜಾಡಿ ತೆಗೆದು, ಅದರಿಂದ ಎರಡು ಚಮಚ ಹುರಿದ ಬ್ರೆಡ್ಡಿನ ಪುಡಿಯನ್ನು ನನ್ನ ತಟ್ಟೆಗೆ ಉದುರಿಸಿದಳು. ಜಯಾಳಿಗೂ ಅದೇ. ಮತ್ತೆ ಚೀಸನ್ನು ತೆಗೆದು ತನ್ನ ತಟ್ಟೆಗೆ ತುರಿದುಕೊಂಡು ಕೂತಳು.

ಮುಖ ನೋಡಿ ಬಡಿಸಿದಳು! ನನ್ನ ಕಣ್ಣೆದುರೇ! ಹಳೆಯ ಬ್ರೆಡ್ಡಿನ ಪುಡಿ!

ಪಂಕ್ತಿಯಲ್ಲಿ ಕೇಳಬಾರದು ಎಂಬುದು ನನ್ನ ಮೂಳೆಗಿಳಿದಿದೆ. ಸುಮ್ಮನೆ ತಿಂದೆ. ಮುಂದಿನ ಭಾನುವಾರವೂ ಪುಡಿ. ಅದರ ಮುಂದಿನದೂ, ಮಗಳ ಸಂಸಾರ ಬರಲಿ ಬಿಡಲಿ. ಜಯಾ ಮಾತ್ರ ಕಣ್ಣು ಮುಚ್ಚಿ ಅಗಿಯುತ್ತಿದ್ದಳು. "ಎಷ್ಟು ಗರಿಗರಿ ರೀ! ಹುರಿಗಡಲೆ ಪುಡಿ ಉದುರಿಸಿದ ಹಾಗಿದೆ." ಸ್ವಾಭಿಮಾನವಿಲ್ಲದವರಿಗೆ ಎಲ್ಲವೂ ರುಚಿ.

ಕಾರಣವೇನಿರಬಹುದು? ಗುಣಪರೀಕ್ಷಕನಾಗಿ ಒಂದೊಂದನ್ನೇ ತೆಗೆದುಹಾಕುತ್ತಾ ಬಂದೆ. ಚರ್ಮದ ಬಣ್ಣವೇ? ಅಳಿಯ ಜೋಯಲ್ ಫಿಲಿಪ್ಪೀನ್ಸಿನವನು, ನನಗಿಂತ ಒಂದು ಛಾಯೆ ತಿಳಿ ಅಷ್ಟೇ. ಅವನಿಗೆ ಸಿಗುತ್ತಿತ್ತು. ಕ್ರೈಸ್ತರಲ್ಲ ಎಂದೇ? ಮೂಲೆಮನೆಯ ಯಹೂದಿ ಮುದುಕ ಒಮ್ಮೆ ಬಂದಿದ್ದ. ಅವನಿಗೂ ತುರಿದಳು. ಜಿಪುಣತನವೇ? ಆಕೆ ಮನೆಗೆ ಕಟ್ಟಿಕೊಡುತ್ತಿದ್ದ ಡಬ್ಬಿಗಳಿಂದ ನಮ್ಮ ಫ್ರಿಜ್ಜಿನ ಬಾಗಿಲು ಹಾಕಲಾಗುತ್ತಿರಲಿಲ್ಲ. ಹಾಗಾದರೆ ಉಳಿದದ್ದು ನಾನೊಬ್ಬನೇ. ನನ್ನಲ್ಲೇ ಏನೋ ಕೊರತೆ ಕಂಡಿದ್ದಾಳೆ.

ಇದರ ಮೇಲೆ ಗಾಯಕ್ಕೆ ಉಪ್ಪು ಎನ್ನುವಂತೆ, ಹೋಟೆಲ್ಲಿನಲ್ಲೂ ನನಗೆ ಅದೇ ಗತಿ. ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಹೋದಾಗ ಪರಿಚಾರಕ ತುರಿಮಣೆ ಹಿಡಿದು ಬರುತ್ತಾನೆ. ನಾನು ತಟ್ಟೆ ಮುಂದೆ ತಳ್ಳುವ ಹೊತ್ತಿಗೆ ಜಯಾ ಅಡ್ಡ ಕೈ ಹಿಡಿಯುತ್ತಾಳೆ. "ನೋ ಚೀಸ್ ಫಾರ್ ಹಿಮ್. ಬಿ.ಪಿ." ನನಗೆ ಬಿ.ಪಿ.! ನನ್ನ ರಕ್ತದೊತ್ತಡ ಹುಡುಗರ ಹಾಗಿದೆ ಎಂದು ಡಾಕ್ಟರೇ ಹೊಗಳಿದ್ದಾರೆ. ಒಂದು ಸಲ ರೋಷದಿಂದ ನಾನೇ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋಗಿ, ಕಾರ್ಮೆಲಾಳದ್ದೇ ನಮೂನೆಯ ಒಂದು ಗಟ್ಟಿ ತಂದು ಫ್ರಿಜ್ಜಿನಲ್ಲಿಟ್ಟೆ. ಮಾರನೆಯ ಬೆಳಿಗ್ಗೆ ಮಾಯ. "ಬೂಸ್ಟು ಹಿಡಿದಿತ್ತು, ಬಿಸಾಕ್ದೆ" ಎಂದಳು ಜಯಾ. ವರ್ಷ ಇಟ್ಟರೂ ಕೆಡದ ವಸ್ತು, ನಮ್ಮ ಫ್ರಿಜ್ಜಿನಲ್ಲಿ ಒಂದು ರಾತ್ರಿಗೆ ಬೂಸ್ಟು ಹಿಡಿಯಿತಂತೆ!

ಹಾಗೆಂದು ಕಾರ್ಮೆಲಾಳ ಭಾನುವಾರವನ್ನು ಬಿಟ್ಟೆನೆ? ಬಿಡಲಿಲ್ಲ. ಬಿಡಲಾಗಲಿಲ್ಲ. ಆಗಸ್ಟಿನಲ್ಲಿ ಆಕೆಯ ಗ್ಯಾರೇಜಿನಲ್ಲಿ ಟೊಮೇಟೊ ಬೇಯಿಸಿ, ಅರೆದು, ವರ್ಷಕ್ಕಾಗುವಷ್ಟು ಜಾಡಿಗಳಿಗೆ ತುಂಬುವ ಕೆಲಸ. ಇಡೀ ಸಂಸಾರ ಏಪ್ರನ್ ಕಟ್ಟಿ ನಿಲ್ಲುತ್ತಿತ್ತು. ಪ್ರತಿ ಜಾಡಿಗೆ ಒಂದು ತುಳಸಿಯಂಥ ಎಲೆ ಹಾಕಿ, ಮುಚ್ಚಳ ಪರೀಕ್ಷಿಸುವ ಕೆಲಸ ನನ್ನದು. "ಪ್ರೊಫೆಸ್ಸೋರೆ ನೋಡಿದ ಜಾಡಿ ಒಡೆಯುವುದಿಲ್ಲ" ಎಂದು ಆಕೆ ಎಲ್ಲರಿಗೂ ಹೇಳುತ್ತಿದ್ದಳು. ನಾನು ಪ್ರೊಫೆಸರನಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ, ಮುಖಕ್ಕೆ ಒಪ್ಪುತ್ತದಂತೆ. ವರ್ಷದ ಸಾರನ್ನೇ ನನ್ನ ಕೈಗೆ ಒಪ್ಪಿಸಿದವಳು ಒಂದು ಚಿಟಿಕೆ ಚೀಸಿಗೆ ನನ್ನನ್ನು ನಂಬಲಿಲ್ಲ. ನೀವೇ ಹೇಳಿ, ಇದನ್ನು ಏನೆಂದು ಕರೆಯುವುದು?

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಕಾರ್ಮೆಲಾ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಬಿದ್ದಳು. ಸೊಂಟ ಉಳಿಯಿತು, ಮಣಿಕಟ್ಟು ಮುರಿಯಿತು. ಟೀನಾ ಮಿಷಿಗನ್ನಿನ ಕ್ಯಾಂಟನ್‌ನಿಂದ ಓಡಿಬಂದು, "ಅಮ್ಮ ಇನ್ನು ನನ್ನ ಜೊತೆ" ಎಂದುಬಿಟ್ಟಳು. ಮನೆ ಮಾರಾಟಕ್ಕಿಟ್ಟರು. ವಾರದೊಳಗೆ ಹೋಯಿತು. ಕೊನೆಯ ಭಾನುವಾರಕ್ಕೆ ನಮ್ಮನ್ನು ಕರೆದರು.

ಆ ವಾರವೆಲ್ಲ ನನ್ನ ಎದೆಯಲ್ಲಿ ಒಂದೇ ಮಾತು ಕುದಿಯಿತು. ಆಕೆ ಹೋಗುವುದರೊಳಗೆ, ಒಂದೇ ಒಂದು ಸಲ, ಎಲ್ಲರ ಹಾಗೆ ಆಕೆಯ ಕೈಯಿಂದ ನನ್ನ ತಟ್ಟೆಗೂ ಅದು ಬೀಳಬೇಕು. ಇಲ್ಲವಾದರೆ ಏಕೆ ಬೀಳಲಿಲ್ಲ ಎಂದಾದರೂ ತಿಳಿಯಬೇಕು. ಪುಡಿ ತಿಂದೇ ಬೀಳ್ಕೊಡುವವನು ನಾನಲ್ಲ.

ಅಂದು ಪಾಸ್ತಾ ಮಾಡಿದ್ದು ಟೀನಾ, ಆದರೆ ಬಡಿಸಲು ಕಾರ್ಮೆಲಾ ಬಿಡಲಿಲ್ಲ. ಕಟ್ಟು ಹಾಕಿದ ಎಡಗೈಯಲ್ಲಿ ಚೀಸಿನ ಗಟ್ಟಿಯನ್ನು ಒತ್ತಿಹಿಡಿದು ಮೇಜು ಸುತ್ತಿದಳು. ಟೀನಾ, ಜೋಯಲ್, ಲೂಸಿ. ನನ್ನ ಬಳಿ ಬಂದು ಜಾಡಿಗೆ ಕೈ ಚಾಚಿದಳು. ನಾನು ಎದ್ದು ನಿಂತೆ.

"ಕಾರ್ಮೆಲಾ, ನನಗೆ ಯಾಕೆ ಪುಡಿ?"

ಆಕೆಯ ಕೈ ಗಾಳಿಯಲ್ಲೇ ನಿಂತಿತು.

"ಎಷ್ಟೋ ವರ್ಷದಿಂದ ನಿನ್ನ ಮೇಜಿನಲ್ಲಿ ಉಂಡಿದ್ದೇನೆ. ಒಬ್ಬೊಬ್ಬರಿಗೂ ಅದು, ನನಗೆ ಇದು. ನಾನು ಏನು ತಪ್ಪು ಮಾಡಿದ್ದೇನೆ, ಹೇಳು."

"ರೀ, ಕೂತ್ಕೊಳ್ರಿ. ಮಾನ ತೆಗೀಬೇಡಿ" ಎಂದಳು ಜಯಾ, ತಟ್ಟೆಯಿಂದ ಕಣ್ಣೆತ್ತದೆ.

"ನನ್ನ ಮಾನ ಈ ಮೇಜಿನ ಮೇಲೆ ಪ್ರತಿ ಭಾನುವಾರ ಹೋಗಿದೆ" ಎಂದೆ ಕನ್ನಡದಲ್ಲೇ.

ಕಾರ್ಮೆಲಾ ನನ್ನನ್ನು ನೋಡಲಿಲ್ಲ. ಜಯಾಳನ್ನು ನೋಡಿದಳು. "ಇವನಿಗೆ ನೀನು ಇನ್ನೂ ಹೇಳಿಲ್ಲವಾ?"

ಜಯಾ ಒಂದು ಪಾಸ್ತಾ ಎಳೆಯನ್ನು ಫೋರ್ಕಿಗೆ ಬಹಳ ಶ್ರದ್ಧೆಯಿಂದ ಸುತ್ತುತ್ತಿದ್ದಳು.

"ಏನನ್ನು ಹೇಳಬೇಕಿತ್ತು?" ಎಂದೆ.

ಉತ್ತರ ಕೊಟ್ಟದ್ದು ಟೀನಾ. "ಮಿಸ್ಟರ್ ರಾವ್, ಹಾಲು ಗಟ್ಟಿಯಾಗೋಕೆ ಹೆಪ್ಪು ಬೇಕಲ್ಲ? ಈ ಚೀಸಿಗೆ ಹಾಕೋ ಹೆಪ್ಪು ಎಳೆಗರುವಿನ ಹೊಟ್ಟೆಯದು. ಕರುವನ್ನ ಕೊಂದು ತೆಗೀತಾರೆ."

ನಾನು ಕೂತೆ. ಆ ಬಿಳಿಯ ಹಿಮ, ಆ ಪರಿಮಳ. ಇಷ್ಟು ವರ್ಷ ನಾಲಿಗೆಯಲ್ಲಿ ನೀರೂರಿಸಿದ್ದು ಇದೇ ಎಂದು, ನನ್ನ ತಟ್ಟೆಯನ್ನು ಲೂಸಿಯ ತಟ್ಟೆಯಿಂದ ಒಂದು ಗೇಣು ದೂರ ಸರಿಸಿದೆ.

"ಮೊದಲನೇ ದಿನವೇ, ಮೇಲಿನ ಅಡುಗೆಮನೆಯಲ್ಲೇ ಇವಳಿಗೆ ಹೇಳಿದೆ" ಎಂದಳು ಕಾರ್ಮೆಲಾ. "ಹಸು ತಿನ್ನದವರಿಗೆ ಕರುವನ್ನು ಹೇಗೆ ಹಾಕಲಿ? ನಿನಗೂ ಹೇಳುತ್ತಿದ್ದೆ. ಇವಳು ಬೇಡವೇ ಬೇಡ ಅಂದಳು."

ಜಯಾಳ ಕಡೆ ತಿರುಗಿದೆ. ಇನ್ನೊಬ್ಬಳಾಗಿದ್ದರೆ ತಲೆ ತಗ್ಗಿಸುತ್ತಿದ್ದಳು. ಇವಳು ಫೋರ್ಕು ಕೆಳಗಿಟ್ಟಳು.

"ಹೇಳಿದ್ರೆ ಬಿಡ್ತಿದ್ರಾ ನೀವು? ಇಲಿನಾಯ್‌ನಲ್ಲಿರೋ ಎಲ್ಲ ಹೋಟೆಲ್ ಮ್ಯಾನೇಜರ್‌ಗಳನ್ನೂ ಕರ್ಸಿ ಭಾಷಣ ಮಾಡ್ತಿದ್ರಿ. ಸಂಘದಲ್ಲಿ ಮೈಕ್ ಹಿಡೀತಿದ್ರಿ. ಮೊಮ್ಮಕ್ಕಳ ಬಾಯಿಂದ ಪಿಜ್ಜಾ ಕಿತ್ಕೊಳ್ತಿದ್ರಿ. ಈ ಮನೆಗೂ ಇನ್ನು ಬರಲ್ಲ ಅಂತಿದ್ರಿ. ಮದ್ವೆ ಆದಾಗಿಂದ ದಿನಾ ನಾನೇ ಬೇಯಿಸಿ ಹಾಕಿದೀನಿ. ವಾರದಲ್ಲಿ ಒಂದು ಹೊತ್ತು ಇನ್ನೊಬ್ಬರು ಮಾಡಿ, ನನ್ನ ಮುಂದೆ ತಂದಿಟ್ಟು, ತಿನ್ನು ಅಂತಿದ್ರು. ಅದನ್ನ ನಿಮ್ಮ ಸಿಟ್ಟಿಗೆ ಕೊಟ್ಬಿಡ್ಲಾ?"

ನಾನು ಬೇರೆ ಪ್ರಶ್ನೆ ಹಿಡಿದೆ. "ಹಾಗಾದರೆ ಬಿ.ಪಿ.?"

"ನಿಮಗೆಲ್ಲಿದೆ ಬಿ.ಪಿ.? ನಿಮ್ಮಿಂದ ನಂಗೆ ಬಂದಿದೆ ಅಷ್ಟೆ."

ಕನ್ನಡ ಬಾರದ ಲೂಸಿಯೂ ನಕ್ಕಳು. ಕಾರ್ಮೆಲಾ ನಗಲಿಲ್ಲ. ಪುಡಿಯ ಜಾಡಿಯನ್ನು ನನ್ನ ಮುಂದೆ ಕುಕ್ಕಿದಳು. "ನಮ್ಮೂರಲ್ಲಿ ಚೀಸು ಜಮೀನ್ದಾರನ ಮನೆಗೆ ಹೋಗುತ್ತಿತ್ತು. ನಮ್ಮಮ್ಮ ಹಳೆಯ ಬ್ರೆಡ್ಡನ್ನು ಎಣ್ಣೆಯಲ್ಲಿ ಹುರಿದು ನಮಗೆ ಹಾಕುತ್ತಿದ್ದಳು. ಈ ಟೀನಾ ಚಿಕ್ಕವಳಿದ್ದಾಗ ಇದನ್ನು ಉಗಿದಳು, ಅವತ್ತಿನಿಂದ ಇವರಿಗೆ ಅಂಗಡಿಯ ಚೀಸು. ನಿಮಗೆ ಪ್ರತಿ ಶನಿವಾರ ನಿಂತು ಹುರಿದೆ." ಆಮೇಲೆ ಚೀಸಿನ ಗಟ್ಟಿಯನ್ನು ನನ್ನ ತಟ್ಟೆಯ ಮೇಲೆ ಹಿಡಿದಳು. "ಈಗ ಗೊತ್ತಾಯಿತಲ್ಲ, ಪ್ರೊಫೆಸ್ಸೋರೆ. ನೀನೇ ಹೇಳು. ಹಾಕಲಾ?"

"ಬೇಡ. ಪುಡಿ ಹಾಕು. ನಾನು ಸಾಕು ಅನ್ನುವವರೆಗೂ ಹಾಕು."

ನಾನು ಸಾಕು ಎನ್ನಲಿಲ್ಲ. ಜಾಡಿಯ ತಳ ಕಾಣಿಸಿತು.

ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಇಳಿದಿಲ್ಲ. ಗಂಡಸಿಗೆ ಒಂದು ಮಾತು ಹೇಳಿದರೆ ಆಕಾಶ ಕಳಚಿ ಬೀಳುತ್ತದೆಂದು ಇಬ್ಬರು ಹೆಂಗಸರು ಕೂಡಿ ತೀರ್ಮಾನಿಸಬಹುದೇ? ನಾನೇನು ಹಟಮಾರಿಯೇ? ಆಮೇಲೆ ನಾನು ಮೂರೇ ಹೋಟೆಲ್ಲುಗಳ ಮ್ಯಾನೇಜರನ್ನು ಕರೆಸಿದ್ದು. ಸಂಘದಲ್ಲಿ ಮೈಕು ಸಿಕ್ಕಿದ್ದು ಒಂದೇ ಸಲ, ಅದೂ ಅರ್ಧಕ್ಕೆ ಕಿತ್ತುಕೊಂಡರು. ಚಟ್ನಿಪುಡಿಯ ಹೆಂಗಸರು ನನ್ನನ್ನು ಕಂಡರೆ ಈಗ ಬೇರೆ ಮೇಜಿಗೆ ಹೋಗುತ್ತಾರೆ.

ಕಾರ್ಮೆಲಾ ಹೋದ ಮೇಲೆ ಭಾನುವಾರ ಒಂದು ಗಂಟೆ ಎಂಬುದು ನಮ್ಮ ಮನೆಯಲ್ಲಿ ಸೊಟ್ಟಗೆ ನಿಂತಿತು. ಜಯಾ ಅದೇ ಹೊತ್ತಿಗೆ ಮಜ್ಜಿಗೆಹುಳಿ ಬಡಿಸಿದರೂ ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದೆವು. ಎದುರುಮನೆಗೆ ಬಂದವರು ಬೇಸ್‌ಮೆಂಟಿನ ಒಲೆಯನ್ನು ಕಿತ್ತು ರಸ್ತೆಬದಿಗೆ ಇಟ್ಟಿದ್ದರು. ಅದನ್ನು ಹೊತ್ತೊಯ್ಯುವ ಲಾರಿ ಬರುವ ತನಕ ನಾನು ಆ ಕಡೆ ವಾಕಿಂಗ್ ಹೋಗಲಿಲ್ಲ.

ಕೊನೆಗೆ ಹೊರಟೆವು, ಕ್ಯಾಂಟನ್‌ಗೆ. ಬೆಳಗಿನ ಜಾವ ಬಿಟ್ಟು, ಸರೋವರದ ತುದಿ ಬಳಸಿ, ಮಿಷಿಗನ್ನಿಗೆ ಕಾಲಿಟ್ಟ ಕೂಡಲೇ ಗಡಿಯಾರ ಒಂದು ಗಂಟೆ ಮುಂದೆ ಹಾರಿತು. ಕೇಳದೆ ಹೇಳದೆ ಒಂದು ಗಂಟೆ ಕಿತ್ತುಕೊಳ್ಳುವ ಇಂಥ ರಾಜ್ಯದಲ್ಲಿ ಜನ ಹೇಗಿರುತ್ತಾರೋ! ಕಾರು ಓಡಿಸುತ್ತಿದ್ದುದು ಜಯಾ, ನನ್ನ ತೊಡೆಯ ಮೇಲೆ ಬ್ರೆಡ್ ಪುಡಿಯ ಜಾಡಿ ಇತ್ತು. ಹಿಂದಿನ ದಿನ ನಾನೇ ನಿಂತು ಹುರಿದದ್ದು. ಉಪ್ಪು ಹಾಕುವುದು ಮರೆತಿದ್ದೆ. "ಅವರ ಮನೇಗೇ ಅವರ ಪುಡಿ ತಗೊಂಡು ಹೋಗ್ತೀರ? ಕಾಶಿಗೆ ಗಂಗೆ ಹೊತ್ತ ಹಾಗೆ" ಎಂದಳು ಜಯಾ. ನಾನು ಜಾಡಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಮಾಡಿದೆ.

ಟೀನಾಳದ್ದು ಹೊಸ ಸಬ್‌ಡಿವಿಷನ್ನಿನ ದೊಡ್ಡ ಮನೆ. ಬೇಸ್‌ಮೆಂಟಿನಲ್ಲಿ ಟಿ.ವಿ., ಓಡುವ ಯಂತ್ರ. ಒಲೆ ಎಂದರೆ ಗಾಜಿನ ಹಲಗೆ, ಅದನ್ನು ಮುಟ್ಟಲು ಕಾರ್ಮೆಲಾಳಿಗೆ ಅನುಮತಿಯಿಲ್ಲ, ಒಮ್ಮೆ ಆರಿಸುವುದನ್ನು ಮರೆತಳಂತೆ. ಡೌನರ್ಸ್ ಗ್ರೋವ್‌ನ ಆ ಉದ್ದನೆಯ ಮೇಜು ಬಂದಿತ್ತು, ಎಣ್ಣೆಬಟ್ಟೆಯ ಸಮೇತ. ಅದರ ಒಂದು ತುದಿಯಲ್ಲಿ ಕಾರ್ಮೆಲಾ. ಮಿಕ್ಕ ಮೇಜಿನ ಮೇಲೆ ಒಗೆದ ಬಟ್ಟೆ, ಲೂಸಿಯ ಪುಸ್ತಕ, ಅಂಚೆಯಲ್ಲಿ ಬಂದ ಕಾಗದ. ಪಾಸ್ತಾ, ಮಾಂಸ, ಸೊಪ್ಪು ಎಲ್ಲವೂ ಒಟ್ಟಿಗೆ ಕೌಂಟರಿನ ಮೇಲೆ. "ಹೆಲ್ಪ್ ಯುವರ್‌ಸೆಲ್ಫ್" ಎಂದ ಜೋಯಲ್. ಲೂಸಿ ತಟ್ಟೆ ಹಿಡಿದು ಸೋಫಾಕ್ಕೆ ಹೋದಳು. ನಮ್ಮ ಸಂಘದ ಯುಗಾದಿಯೇ!

ನಾನು ಹಲ್ಲು ಕಚ್ಚಿ ಪಾಸ್ತಾ ಹಾಕಿಕೊಂಡು ಬಂದು ಮೇಜಿನ ಮೂಲೆಯಲ್ಲಿ ಕೂತೆ. ಪರರ ಮನೆ.

ಟೀನಾ ಅಮ್ಮನ ಮುಂದೆ ತಟ್ಟೆ ತಂದಿಟ್ಟಳು. ಚೀಸಿನ ಡಬ್ಬಿ ಕೈಯಿಂದ ಕೈಗೆ ಹೊರಟಿತು. ಜೋಯಲ್ ಹಾಕಿಕೊಂಡ, ಟೀನಾ ಹಾಕಿಕೊಂಡಳು. ಕಾರ್ಮೆಲಾ ಕೈ ಚಾಚಿದಳು.

"ನಿನಗೆ ಬೇಡ, ಮಾ. ಸಾಲ್ಟ್ ಇದೆ. ಡಾಕ್ಟರ್ ಹೇಳಿದಾರಲ್ಲ?"

ಡಬ್ಬಿ ಆಕೆಯ ತಲೆಯ ಮೇಲಿಂದ ದಾಟಿ ಸೋಫಾದತ್ತ ಹೋಯಿತು. ಟೀನಾ ಕೆಟ್ಟವಳಲ್ಲ, ಡಾಕ್ಟರು ಹೇಳಿದ್ದೂ ನಿಜವೇ ಇರಬೇಕು. ಕಾರ್ಮೆಲಾ ಚಾಚಿದ ಕೈಯನ್ನು ಹಿಂದಕ್ಕೆ ತಂದು ಮಡಿಲಲ್ಲಿ ಇಟ್ಟುಕೊಂಡು, ತನ್ನ ಬೋಳು ಪಾಸ್ತಾವನ್ನು ನೋಡುತ್ತಾ ಕೂತಳು. ಹಾಗೆ ಕೂರುವುದು ಹೇಗೆಂದು ನನಗೆ ಗೊತ್ತಿತ್ತು. ನಾನು ಎದ್ದೆ.

"ಎಲ್ಲರೂ ಈ ಮೇಜಿಗೆ ಬನ್ನಿ" ಎಂದೆ. ಬಟ್ಟೆಯ ರಾಶಿಯನ್ನು ಎತ್ತಿ ಕುರ್ಚಿಯ ಮೇಲೆ ಹಾಕಿದೆ.

"ರೀ..." ಎಂದಳು ಜಯಾ.

"ವೈ?" ಎಂದಳು ಲೂಸಿ ಸೋಫಾದಿಂದ.

"ಏಕೆಂದರೆ ಇದು ಊಟ."

"ನನ್ನದಕ್ಕೆ ಆಗಲೇ ಚೀಸ್ ಹಾಕೊಂಡಿದೀನಿ" ಎಂದ ಜೋಯಲ್.

"ಬೇರೆ ತಟ್ಟೆ ತಗೋ."

ಟೀನಾಳ ಮುಖ ಕೆಂಪಾಯಿತು. "ಮಿಸ್ಟರ್ ರಾವ್, ಇದು ನನ್ನ ಮನೆ."

"ಮನೆ ನಿನ್ನದು. ಮೇಜು ನಿಮ್ಮಮ್ಮನದು."

ಜೋಯಲ್ ಟೀನಾಳ ಮುಖ ನೋಡಿದ. ನಮ್ಮನ್ನು ಹೊರಗೆ ಕಳಿಸುತ್ತಾರೆ, ಇಷ್ಟು ದೂರ ಬಂದದ್ದು ಹಾಳಾಯಿತು ಎಂದುಕೊಂಡೆ. ಆಗ ಜಯಾ, ನನ್ನ ಜಯಾ, ಎದ್ದು ಹೋಗಿ ಕಪಾಟಿನಿಂದ ಬೇರೆ ತಟ್ಟೆಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟು, ಪಾಸ್ತಾ ಬಡಿಸತೊಡಗಿದಳು. ಜೋಯಲ್ ಬಂದು ಕೂತ. ಲೂಸಿ ಕಾಲೆಳೆಯುತ್ತಾ ಬಂದಳು. ಟೀನಾ ಎಲ್ಲರಿಗಿಂತ ಕೊನೆಗೆ ಕೂತಳು, ಅಮ್ಮನ ಪಕ್ಕದಲ್ಲಿ.

ನಾನು ಉಪ್ಪಿಲ್ಲದ ಆ ಪುಡಿಯ ಜಾಡಿ ತೆರೆದು ಬಡಿಸಿದೆ. ಕಾರ್ಮೆಲಾಳಿಗೆ ಎರಡು ಚಮಚ. ಟೀನಾಗೆ ಎರಡು. ಜೋಯಲ್, ಲೂಸಿ, ಜಯಾ, ಕಡೆಗೆ ನನಗೆ. ಯಾರ ಮುಖವನ್ನೂ ನೋಡಲಿಲ್ಲ.

ಕೂತು ಕಾದೆ. ಎಲ್ಲರೂ ಕಾದರು. ಕಾರ್ಮೆಲಾ ಫೋರ್ಕು ಎತ್ತಲಿಲ್ಲ. ಕುತ್ತಿಗೆ ಚಾಚಿ ಮೊದಲು ಟೀನಾಳ ತಟ್ಟೆ ನೋಡಿದಳು, ಆಮೇಲೆ ಜೋಯಲ್‌ನದು, ಲೂಸಿಯದು, ಜಯಾಳದು, ನನ್ನದು. ಮತ್ತೆ ತನ್ನದನ್ನು ನೋಡಿಕೊಂಡಳು. ಆಮೇಲೆ ಫೋರ್ಕು ಎತ್ತಿದಳು.